ಮಗ್ಗಿ ಹೇಳುತ್ತಾ ಎರಡು ಕಿಲೋಮೀಟರ್

ಟೆಡಿಂಗ್ಟನ್, ಲಂಡನ್
ಭಾನುವಾರ ಸಂಜೆ

ಪ್ರೀತಿಯ ತಂಗಿಗೆ,

ಶಾಲೆಯಲ್ಲಿ ಓಟದ ದಿನ ಬಂತೆಂದರೆ ಮಗನಿಗೆ ಹೊಟ್ಟೆನೋವು ಶುರುವಾಗುತ್ತದೆ ಎಂದು ನೀನು ಫೋನಿನಲ್ಲಿ ಹೇಳಿದ್ದು ಮನಸ್ಸಿನಲ್ಲೇ ಉಳಿದಿತ್ತು. ಅಣ್ಣನ ಮಗಳು ಪುಟ್ಟಿಯದೂ ಅದೇ ಪಾಡಾಗಿತ್ತಂತೆ. ಇವತ್ತು ಅವಳು ಎರಡು ಕಿಲೋಮೀಟರ್ ಓಡಿ ಮುಗಿಸಿದ್ದನ್ನು ಕಣ್ಣಾರೆ ಕಂಡೆ. ನಿನಗೆ ಉಪಯೋಗವಾದೀತೆಂದು ವಿವರವಾಗಿ ಬರೆಯುತ್ತಿದ್ದೇನೆ.

ಅಣ್ಣನ ಮನೆಗೆ ಹತ್ತಿರದಲ್ಲೇ ಬುಷಿ ಪಾರ್ಕ್. ಜಿಂಕೆಗಳು ಬಯಲಲ್ಲೇ ಮೇಯುವಷ್ಟು ದೊಡ್ಡ ಉದ್ಯಾನ. 2004ರಲ್ಲಿ ಪಾಲ್ ಸಿಂಟನ್-ಹ್ಯೂಯಿಟ್ ಎಂಬವರು 13 ಜನ ಓಟಗಾರರೊಂದಿಗೆ ಇಲ್ಲಿ ಶುರುಮಾಡಿದ್ದೇ ಈಗ ಹಲವು ದೇಶಗಳಿಗೆ ಹಬ್ಬಿರುವ ಸಾಮೂಹಿಕ ಓಟ 'ಪಾರ್ಕ್‌ರನ್'. ಅದರಲ್ಲಿ 4ರಿಂದ 14 ವರ್ಷದ ಮಕ್ಕಳಿಗೆಂದೇ ಭಾನುವಾರ ಬೆಳಿಗ್ಗೆ 2 ಕಿಲೋಮೀಟರಿನ ಓಟ ಇದೆ. ದುಡ್ಡು ಕೊಡಬೇಕಿಲ್ಲ, ನಡೆಸುವವರೆಲ್ಲ ಸ್ವಯಂಸೇವಕರು. ಅವರಲ್ಲಿ ಒಬ್ಬರ ಕೆಲಸವೇ ಎಲ್ಲರಿಗಿಂತ ಹಿಂದೆ ನಡೆದು ಬರುವುದು. ಅದರಿಂದ ಯಾವ ಮಗುವೂ ಕೊನೆಯದಾಗುವುದಿಲ್ಲ. ಇದು ತಿಳಿದ ಮೇಲೆ ಪುಟ್ಟಿಯ ಅರ್ಧ ಭಯ ಹೋಯಿತು ಎನ್ನುತ್ತಾರೆ ಅತ್ತಿಗೆ.

ಅಣ್ಣ ಮೊದಮೊದಲು ಅವಳನ್ನು ಓಡಿಸಲೇ ಇಲ್ಲ. ತಾನು ಸ್ವಯಂಸೇವಕನಾಗಿ ತಿರುವಿನಲ್ಲಿ ನಿಂತಾಗ ಜೊತೆಗೆ ನಿಲ್ಲಿಸಿಕೊಂಡು ಚಪ್ಪಾಳೆ ತಟ್ಟಿಸಿದ. ಏದುಸಿರು ಬಿಡುವವರು, ನಡುವೆ ನಡೆಯುವವರು, ಅತ್ತು ಸುಧಾರಿಸಿಕೊಂಡು ಮತ್ತೆ ಓಡುವವರು ಎಲ್ಲರೂ ಅವಳ ಕಣ್ಣೆದುರೇ ಓಟ ಮುಗಿಸಿದರು. ಆಮೇಲೆ ಸಂಜೆ ಹೊತ್ತು ಅದೇ ದಾರಿಯಲ್ಲಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಅದು ಹಗುರವಾದ ಮೇಲಷ್ಟೇ ಓಟದ ಹೊತ್ತು ಸ್ವಲ್ಪ ಹೆಚ್ಚು.

ಓಟದ ಅಂಜಿಕೆ ಹುಟ್ಟುವುದು ಹೆಚ್ಚಾಗಿ ಹೀಗೆ: ಮಕ್ಕಳು ಹೊರಡುವಾಗಲೇ ಪೂರ್ತಿ ಶಕ್ತಿ ಹಾಕಿ ಓಡುತ್ತಾರೆ. ಸ್ವಲ್ಪ ದೂರಕ್ಕೇ ಉಸಿರು ಕಟ್ಟಿದಂತಾಗುತ್ತದೆ. ಅಂಜುವ ಮಗುವಿಗೆ ತನಗೇನೋ ಆಗಿಬಿಟ್ಟಿತು ಅನ್ನಿಸುತ್ತದೆ. ಮುಂದಿನ ಸಲ ಓಡುವ ಮೊದಲೇ ಆ ನೆನಪು ಹೊಟ್ಟೆ ಹಿಂಡುತ್ತದೆ. ಮಾತಾಡುತ್ತಾ ಓಡುವಷ್ಟು ನಿಧಾನವಾಗಿ ಹೊರಟರೆ ಉಸಿರು ಹಿಡಿತದಲ್ಲಿರುತ್ತದೆ. ಅದಕ್ಕೇ ಅಣ್ಣ ಅವಳಿಂದ ಮಗ್ಗಿ ಹೇಳಿಸುತ್ತಾನೆ. ಮಗ್ಗಿ ತುಂಡಾದರೆ ವೇಗ ತಗ್ಗಿಸಬೇಕು, ಅಷ್ಟೇ.

ಇವತ್ತು ತಿರುವಿನಲ್ಲಿ ನನ್ನ ಪಕ್ಕ ಹಾದುಹೋಗುವಾಗ 'ಏಳೇಳ್ಲಿ ನಲವತ್ತೊಂಬತ್ತು' ಕೇಳಿಸಿತು. ಮುಖ ಕೆಂಪಾಗಿತ್ತು, ಶೂ ದಾರ ಬಿಚ್ಚಿಹೋಗಿತ್ತು. ನಿಂತು ತಾನೇ ಕಟ್ಟಿಕೊಂಡು ಮತ್ತೆ ಹೊರಟಳು. ಮುಗಿಸಿದವಳೇ 'ಅತ್ತೆ, ಹತ್ತರ ತನಕ ಹೇಳಿದೆ!' ಎಂದು ಕೂಗಿದಳು. ಹನ್ನೊಂದು ಸಲ ಓಡಿದವರಿಗೆ ಹಾಫ್ ಮ್ಯಾರಥಾನ್ ಹೆಸರಿನ ಕೈಪಟ್ಟಿ ಕೊಡುತ್ತಾರೆ. ಅಷ್ಟು ಹೊತ್ತಿಗೆ ಒಟ್ಟು 22 ಕಿಲೋಮೀಟರ್ ಆಗಿರುತ್ತದಲ್ಲ! ಅವಳ ಕಣ್ಣು ಈಗ ಅದರ ಮೇಲೆ.

ನೀನೂ ಮಗನನ್ನು ನಿಮ್ಮೂರಿನ ಕುಕ್ಕರಹಳ್ಳಿ ಕೆರೆ ಏರಿಗೆ ಕರೆದುಕೊಂಡು ಹೋಗು. ಒಂದು ಬೆಂಚಿನಿಂದ ಮುಂದಿನ ಬೆಂಚಿನವರೆಗೆ ಓಡಲಿ, ಅಲ್ಲಿಂದ ಮುಂದಿನದಕ್ಕೆ ನಡೆಯಲಿ. ಹೊಟ್ಟೆ ತುಂಬ ತಿಂದ ಕೂಡಲೇ ಬೇಡ, ಪಕ್ಕೆ ಹಿಡಿಯುತ್ತದೆ. ಉಸಿರಾಡುವಾಗ ಸುಂಯ್‌ಗುಟ್ಟಿದರೆ ಅಥವಾ ಎದೆನೋವು ಎಂದರೆ ಡಾಕ್ಟರಿಗೆ ತೋರಿಸು. ಎಷ್ಟನೆಯವನಾಗಿ ಬಂದೆ ಎಂದು ಮಾತ್ರ ಕೇಳಬೇಡ.

ಅವನ ಶಾಲೆಯ ಪಿ.ಟಿ. ಮೇಷ್ಟ್ರಿಗೆ ಇನ್ನೊಂದು ವಿಷಯ ತಿಳಿಸು. 2012ರಲ್ಲಿ ಸ್ಕಾಟ್‌ಲೆಂಡಿನ ಸ್ಟರ್ಲಿಂಗ್‌ನಲ್ಲಿ ಎಲೇನ್ ವೈಲಿ ಎಂಬ ಮುಖ್ಯೋಪಾಧ್ಯಾಯಿನಿ ತಮ್ಮ ಶಾಲೆಯ ಮಕ್ಕಳನ್ನು ದಿನಾ ಹದಿನೈದು ನಿಮಿಷ ಹೊರಗೆ ಬಿಟ್ಟರು. ಸಮವಸ್ತ್ರದಲ್ಲೇ ಓಡಬಹುದು, ನಡೆಯಬಹುದು, ಸ್ಪರ್ಧೆಯಿಲ್ಲ, ಬಹುಮಾನವಿಲ್ಲ. ಅದೀಗ 'ಡೈಲಿ ಮೈಲ್' ಎಂದು ಎಷ್ಟೋ ಶಾಲೆಗಳಲ್ಲಿ ನಡೆಯುತ್ತಿದೆ. ಬೇಕಾಗಿರುವುದು ಒಂದು ಅಂಗಳ, ಮನಸ್ಸಿರುವ ಒಬ್ಬ ಮೇಷ್ಟ್ರು. ನಿಮ್ಮ ಶಾಲೆಯಲ್ಲಿ ಅಂಗಳವಂತೂ ಇದೆ. ಮೇಷ್ಟ್ರನ್ನು ಒಪ್ಪಿಸುವುದು ನಿನ್ನ ಜವಾಬ್ದಾರಿ.

ಅಮ್ಮನಿಗೆ ನಮಸ್ಕಾರ, ಮಗನಿಗೆ ಮುತ್ತು.

ಇತಿ ನಿನ್ನ
ಅಕ್ಕ