ಅಜ್ಜಿಯ ಕೌದಿ ಮ್ಯೂಸಿಯಂ ನೋಡಿದ್ದು

ಮುಂಬಯಿಗೆ ಬಂದು ಹನ್ನೆರಡು ವರುಷಗಳಾದರೂ ಕಾಲಾ ಘೋಡಾದ ಆ ದೊಡ್ಡ ಗುಮ್ಮಟದ ಕಟ್ಟಡವನ್ನು ನಾನು ಹೊರಗಿನಿಂದಲೇ ನೋಡಿದವನು. ಹಳೆಯ ವಸ್ತುಗಳನ್ನು ಕಾಣಲು ಸರಕಾರಿ ಗುಮಾಸ್ತನು ದುಡ್ಡು ಕೊಟ್ಟು ಟಿಕೀಟು ತೆಗೆಸಬೇಕೇ? ನಮ್ಮ ಕಚೇರಿಯ ಕಪಾಟು ತೆರೆದರೆ ಸಾಕು! ಹೀಗೆಂದು ನಗೆಯಾಡುತ್ತಿದ್ದ ನನ್ನನ್ನು ಒಳಗೆ ಕರೆದೊಯ್ದವಳು ನಾಲ್ಕನೆಯ ಇಯತ್ತೆಯಲ್ಲಿ ಓದುವ ನನ್ನ ಮಗಳು.

ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿ ಮಕ್ಕಳಿಗಾಗಿ ಒಂದು ಕಾರ್ಯಾಗಾರವಿತ್ತು. ಬೇರೆ ಬೇರೆ ದೇಶದ ಜನರ ಬದುಕನ್ನು ಅವರ ವಸ್ತುಗಳಿಂದ ಅರಿಯುವುದು ಅಲ್ಲಿಯ ವಿಷಯ. ಮಕ್ಕಳು ತಮ್ಮ ಮನೆಯಿಂದಲೂ ಒಂದು ಹಳೆಯ ಸಾಮಾನು ತರಬೇಕು. ಅದರ ಕಥೆ ಹೇಳಬೇಕು.

ತೊಡಕು ಬಂದದ್ದು ಇಲ್ಲಿಯೇ. ಡೊಂಬಿವಲಿಯ ಎರಡು ಕೋಣೆಯ ಬಿಡಾರದಲ್ಲಿ ಹಳೆಯದೆಂಬುದು ಏನಿದ್ದೀತು? ನಾನು ಹಿತ್ತಾಳೆಯ ದೀಪವೊಂದನ್ನು ತಿಕ್ಕಿ ತೊಳೆದು ಸಿದ್ಧಪಡಿಸಿದೆ. ಮಗಳ ಕಣ್ಣು ಬಿದ್ದದ್ದು ಅಜ್ಜಿಯ ಕೌದಿಯ ಮೇಲೆ. ಕೌದಿಯೆಂದರೆ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಉಳಿದ ವಾಚಕರಿಗಾಗಿ ಹೇಳುತ್ತೇನೆ: ಹಳೆಯ ಸೀರೆ, ಅಂಗಿ, ಧೋತರಗಳನ್ನು ಪದರು ಪದರಾಗಿ ಹಾಸಿ ಕೈಯಿಂದ ಹೊಲಿದ ಹೊದಿಕೆ.

“ಹರಕ ಕೌದಿ ಒಯ್ದರ ಮಂದಿ ನಗತಾರ” ಎಂದೆ. ಅವ್ವನೂ ಅದನ್ನೇ ಅಂದಳು.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಅವ್ವ ಊರು ಬಿಟ್ಟು ನಮ್ಮಲ್ಲಿಗೆ ಬಂದು ಆಗ ಎರಡು ವರುಷ. ಮಗಳ ಶಾಲೆ ಇಂಗ್ಲಿಷಿನದು. ಆಟ ಮರಾಠಿ, ಹಿಂದಿಯಲ್ಲಿ. ಕನ್ನಡ ಅವಳಿಗೆ ತಿಳಿಯುತ್ತದೆ, ನಾಲಗೆಗೆ ಬರುವುದಿಲ್ಲ. ಅಜ್ಜಿ ಕನ್ನಡದಲ್ಲಿ ಕೇಳಿದರೆ ಮೊಮ್ಮಗಳು ಹಿಂದಿಯಲ್ಲಿ ಉತ್ತರ ಕೊಡುವಳು. ಬರಬರುತ್ತ ಅಜ್ಜಿ ಕೇಳುವುದನ್ನೇ ಕಡಿಮೆ ಮಾಡಿದ್ದಳು. ಇದು ನನಗೆ ಕಾಣದೆ ಇರಲಿಲ್ಲ. ಕಂಡರೂ ಕಾಣದವನಂತೆ ಬೆಳಗಿನ ಲೋಕಲ್ ಹಿಡಿದು ಕಚೇರಿಗೆ ಹೋಗುತ್ತಿದ್ದೆ.

ಆದರೆ ಈಗ ಮಗಳಿಗೆ ಕಥೆ ಬೇಕಾಗಿತ್ತು. ಕಥೆ ಇದ್ದದ್ದು ಅಜ್ಜಿಯ ಹತ್ತಿರ ಮಾತ್ರ. ಎರಡು ಸಂಜೆ ಇಬ್ಬರೂ ಕೌದಿ ಹರವಿಕೊಂಡು ಕುಳಿತರು. “ಇದು ಯಾರದು?” ಎಂದು ಮೊಮ್ಮಗಳು ಬೆರಳಿಡುವಳು. “ಇದು ನಮ್ಮವ್ವನ ಇಳಕಲ್ ಸೀರಿ. ಇದು ನಿಮ್ಮ ಅಜ್ಜನ ಧೋತರ. ಇದು ನಿಮ್ಮಪ್ಪನ ಸಾಲಿ ಅಂಗಿ, ತಂಗೀ; ಬೇಲಿ ಹಾರಾಕ ಹೋಗಿ ಹರಕೊಂಡು ಬಂದಿದ್ದ.” ನನ್ನ ಪರಾಕ್ರಮ ಹೀಗೆ ಮನೆಯಲ್ಲಿ ಬಯಲಾಯಿತು.

ಭಾನುವಾರ ಬೋರಿಬಂದರದಲ್ಲಿಳಿದು ನಡೆದು ಹೋದೆವು. ಈ ಕಟ್ಟಡಕ್ಕೆ 1905ರಲ್ಲಿ ಅಡಿಗಲ್ಲು ಬಿತ್ತು. ಗೇಟ್‌ವೇ ಆಫ್ ಇಂಡಿಯಾ ಕಟ್ಟಿದ ಜಾರ್ಜ್ ವಿಟೆಟ್ಟನೇ ಇದರ ಶಿಲ್ಪಿ; ಒಳಗಿನ ಕಮಾನುಗಳಿಗೆ ನಮ್ಮ ವಿಜಾಪುರವೇ ಮಾದರಿ. 1914ರ ಹೊತ್ತಿಗೆ ಕಟ್ಟಡ ಮುಗಿದರೂ ಮಹಾಯುದ್ಧದ ಕಾಲದಲ್ಲಿ ಅದು ಸೈನಿಕರ ಆಸ್ಪತ್ರೆಯಾಗಿತ್ತು. ಜನರಿಗೆ ಬಾಗಿಲು ತೆರೆದದ್ದು 1922ರಲ್ಲಿ. ಪ್ರಿನ್ಸ್ ಆಫ್ ವೇಲ್ಸ್ ಎಂಬ ಹಳೆಯ ಹೆಸರು ಹೋಗಿ ಈಗಿನ ಹೆಸರು ಬಂದದ್ದು 1998ರಲ್ಲಿ.

ಆವರಣದಲ್ಲಿ ಮಕ್ಕಳಿಗೆಂದೇ 2019ರಲ್ಲಿ ತೆರೆದ ಬೇರೊಂದು ಸಂಗ್ರಹಾಲಯವಿದೆ. ಅಲ್ಲೊಂದು ಬಾವೊಬಾಬ್ ಮರ. ಮೂಲ ಆಫ್ರಿಕದ್ದು, ಮರಾಠಿಯಲ್ಲಿ ಗೋರಖ ಚಿಂಚ. ಸವಣೂರಿನ ಮಠದ ಮೂರು ದೊಡ್ಡ ಹುಣಸೆಗಳನ್ನು ಬಲ್ಲವರಿಗೆ ಇದರ ಪರಿಚಯ ಮಾಡಿಕೊಡಬೇಕಿಲ್ಲ. ಪರದೇಶದಿಂದ ಬಂದ ಮರಕ್ಕೆ ನಮ್ಮವರು ಹುಣಸೆಯ ಹೆಸರಿಟ್ಟು ಮನೆಯದಾಗಿ ಮಾಡಿಕೊಂಡಿದ್ದಾರೆ!

ಮೊದಲು ಮಕ್ಕಳಿಗೆ ಅಸ್ಸೀರಿಯದ ಕಲ್ಲುಗಳನ್ನು ತೋರಿಸಿದರು. ಇಂದಿನ ಇರಾಕಿನ ನಿಮ್ರೂದಿನಲ್ಲಿ ಕ್ರಿಸ್ತಪೂರ್ವ 9ನೆಯ ಶತಮಾನದಲ್ಲಿ ಅರಸ ಎರಡನೆಯ ಅಶುರ್ನಾಸಿರ್ಪಾಲ ಕಟ್ಟಿಸಿದ ಅರಮನೆಯ ಗೋಡೆಯಲ್ಲಿದ್ದವು ಅವು. ಆ ನಾಡಿನವರು ಹಸಿ ಮಣ್ಣಿನ ಹಲಗೆಯ ಮೇಲೆ ಜೊಂಡಿನ ಕಡ್ಡಿಯನ್ನು ಒತ್ತಿ, ಬೆಣೆಯಾಕಾರದ ಗುರುತುಗಳಿಂದ ಬರೆಯುತ್ತಿದ್ದರಂತೆ. ಹಿಂದಿರುಗಿ ಬಂದ ಮಕ್ಕಳ ಕೈಗೆ ಜೇಡಿಮಣ್ಣು, ಕಡ್ಡಿ ಕೊಟ್ಟರು. ಎಲ್ಲರ ಮೂಗಿನ ಮೇಲೂ ಮಣ್ಣು.

ಪಾಲಕರು ಹೊರಗೆ ಕಾಯಬೇಕಾದ ಹೊತ್ತಿನಲ್ಲಿ ನಾನು ಶಿಲ್ಪಗಳ ಕೋಣೆಗೆ ಹೋದೆ. ಒಂದು ಬ್ರಹ್ಮನ ಫಲಕ. ಕೆಳಗೆ ಬರೆದದ್ದು ‘ಐಹೊಳೆ’. 7ನೆಯ ಶತಮಾನದ ಚಾಲುಕ್ಯರ ಕೆಲಸ, ಗುಡಿಯ ಮಾಳಿಗೆಯಿಂದ ಬಂದದ್ದು. ನನ್ನ ಊರು ಅಮೀನಗಡದ ಹತ್ತಿರ. ಐಹೊಳೆ ಅಲ್ಲಿಂದ ಬಸ್ಸಿನಲ್ಲಿ ಸ್ವಲ್ಪವೇ ದೂರ. ಊರಿನಲ್ಲಿದ್ದಾಗ ಗುಡಿಗಳತ್ತ ಕತ್ತೆತ್ತಿ ನೋಡಲಿಲ್ಲ. ಈಗ ಮುಂಬಯಿಯಲ್ಲಿ ಅದರ ಹೆಸರು ಓದಿ ಗಂಟಲು ಕಟ್ಟಿತು. ಅವನೂ ಮಲಪ್ರಭೆಯ ದಂಡೆ ಬಿಟ್ಟು ಬಂದವನು, ನಾನೂ ಬಿಟ್ಟು ಬಂದವನು. ಅವನ ಕೆಳಗೆ ಊರಿನ ಹೆಸರು ಬರೆದಿಟ್ಟಿದ್ದಾರೆ. ನನ್ನ ಮಗಳಿಗೆ ಅವಳ ಊರಿನ ಹೆಸರನ್ನು ಬರೆದುಕೊಡಬೇಕಾದವರು ಯಾರು?

ಕೊನೆಗೆ ಸಾಮಾನುಗಳ ಕಥೆ. ಅದಕ್ಕೆ ಪಾಲಕರನ್ನೂ ಕರೆದರು. ಮಗಳು ಕೌದಿ ಹರವಿದಾಗ ನಾನು ನೆಲ ನೋಡುತ್ತ ಕುಳಿತೆ. ಅವಳು ಹೇಳಿದ್ದು ಹಿಂದಿಯಲ್ಲಿ. ಆದರೆ ಕೌದಿ, ಧೋತರ, ಸೀರಿ ಎಂಬ ಮಾತುಗಳು ಅಜ್ಜಿಯ ಬಾಯಿಂದ ಬಂದ ಹಾಗೆಯೇ ಬಂದವು. ಒಬ್ಬ ಮರಾಠಿ ಹುಡುಗಿ ಎದ್ದು, “ಇದು ಇರಕಲ್, ನನ್ನ ಆಜಿಯ ಹತ್ತಿರವೂ ಇದೆ” ಎಂದಳು. ಕಲಿಸುವ ಬಾಯಿಯವರು ಮಹಾರಾಷ್ಟ್ರದ ಗೋಧಡಿ, ಬಂಗಾಲದ ಕಾಂಥಾಗಳನ್ನು ನೆನೆದರು. ಜಪಾನಿನ ಬಡ ರೈತರು ಚಿಂದಿಗೆ ಚಿಂದಿ ಸೇರಿಸಿ ಹೊಲಿದ ‘ಬೋರೋ’ ಬಟ್ಟೆಯ ಚಿತ್ರ ತೋರಿಸಿದರು. ಬಡತನಕ್ಕೆ ನಾಚಿ ನಾನು ಮಡಚಿಡಲೆತ್ನಿಸಿದ್ದ ಹೊದಿಕೆಗೆ ಲೋಕದ ತುಂಬ ಇಷ್ಟು ಜನ ಬಳಗ!

ವಾಚಕ ಬಂಧುಗಳೇ, ಬಿಡುವಾದಾಗ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. 1872ರಲ್ಲಿ ತೆರೆದ ಭಾಯಖಳದ ಭಾವು ದಾಜಿ ಲಾಡ್ ಸಂಗ್ರಹಾಲಯವೂ ಇದೆ. ಆದರೆ ಹೊರಡುವ ಮೊದಲು ಮನೆಯ ಹಿರಿಯರ ಟ್ರಂಕು ತೆರೆಸಿರಿ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮಗಳು ಚಪ್ಪಲಿ ಸಹ ಕಳಚದೆ ಒಳಗೋಡಿ, “ಅಜ್ಜೀ, ಯಾರೂ ನಗಲಿಲ್ಲ” ಎಂದಳು, ಕನ್ನಡದಲ್ಲಿ.

“ಹಂಗಾದರ ಏನೇನ ಕೇಳಿದರು, ಹೇಳು” ಎಂದು ಅವ್ವ ಅವಳನ್ನು ಹತ್ತಿರ ಕೂಡಿಸಿಕೊಂಡಳು. ಬಹಳ ದಿನಗಳ ಮೇಲೆ ಅವ್ವ ತಾನಾಗಿ ಕೇಳಿದ ಪ್ರಶ್ನೆ ಅದು.