ಆನ್‌ಸೈಟ್ ಊರಿನ ಶನಿವಾರ

ಜರ್ಮನಿಯ ನೈಋತ್ಯ ಭಾಗದಲ್ಲಿ ವೀಸ್‌ಲೋಖ್–ವಾಲ್ಡಾರ್ಫ್ ಎಂಬ ರೈಲು ನಿಲ್ದಾಣವಿದೆ. ಅಕ್ಕಪಕ್ಕದ ಎರಡು ಪುಟ್ಟ ಊರುಗಳಿಗೆ ಸೇರಿ ಒಂದೇ ನಿಲ್ದಾಣ. ಬೆಂಗಳೂರಿನ ವೈಟ್‌ಫೀಲ್ಡ್‌ನಿಂದ ಸ್ಯಾಪ್ ಕಂಪನಿಯ ಕೇಂದ್ರ ಕಚೇರಿಗೆ ಕೆಲಸದ ಮೇಲೆ ಹೋಗುವವರು ಇಳಿಯುವುದು ಇಲ್ಲಿಯೇ. ಇಳಿದವರು ವಾಲ್ಡಾರ್ಫ್ ಕಡೆಗೆ ಹೊರಡುತ್ತಾರೆ. ಆಫೀಸು, ಹೋಟೆಲು, ಮತ್ತೆ ಆಫೀಸು. ಎರಡು ವಾರವೋ ಎರಡು ತಿಂಗಳೋ ಕಳೆದು ಅದೇ ನಿಲ್ದಾಣದಿಂದ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ದಾರಿ ಹಿಡಿಯುತ್ತಾರೆ. ವೀಸ್‌ಲೋಖ್ ಎಂಬ ಊರನ್ನು ಹೆಚ್ಚಿನವರು ನೋಡುವುದು ಪ್ಲಾಟ್‌ಫಾರ್ಮಿನ ಫಲಕದ ಮೇಲೆ ಮಾತ್ರ.

ಒಂದು ಶನಿವಾರ ಆ ಕಡೆಗೆ ಕಾಲು ಹಾಕಿದರೆ ಊರಿನ ನಡುವೆ ಹಳೆಯದೊಂದು ಔಷಧಿ ಅಂಗಡಿಯ ಕಟ್ಟಡ ಸಿಗುತ್ತದೆ, ಅದರ ಮುಂದೆ ಒಂದು ಸ್ಮಾರಕ. 1888ರ ಆಗಸ್ಟ್‌ನಲ್ಲಿ ಬರ್ಥಾ ಬೆಂಜ್ ತನ್ನ ಮೂರು ಗಾಲಿಯ ಮೋಟಾರು ಗಾಡಿಯನ್ನು ನಿಲ್ಲಿಸಿದ್ದು ಈ ಅಂಗಡಿಯ ಮುಂದೆ. ಗಾಡಿ ಕಟ್ಟಿದವನು ಗಂಡ ಕಾರ್ಲ್ ಬೆಂಜ್. 1886ರಲ್ಲೇ ಪೇಟೆಂಟ್ ಪಡೆದಿದ್ದರೂ ಜನ ಅದನ್ನು ನಂಬಿ ಕೊಳ್ಳಲು ಮುಂದೆ ಬಂದಿರಲಿಲ್ಲ. ಬರ್ಥಾ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಮನ್‌ಹೈಮ್‌ನಿಂದ ನೂರು ಕಿಲೋಮೀಟರಿಗೂ ದೂರದ ಫೋರ್ಟ್ಸ್‌ಹೈಮ್‌ಗೆ ಹೊರಟಳು. ಅದು ಅವಳ ತವರು.

ದಾರಿಯಲ್ಲಿ ಇಂಧನ ಮುಗಿಯಿತು. ಆಗ ಪೆಟ್ರೋಲ್ ಬಂಕ್ ಎಲ್ಲಿಯದು? ಕಲೆ ತೆಗೆಯಲು ಬಳಸುತ್ತಿದ್ದ ಲಿಗ್ರೋಯಿನ್ ಎಂಬ ದ್ರಾವಕ ಔಷಧಿ ಅಂಗಡಿಯಲ್ಲಿ ಸಿಗುತ್ತಿತ್ತು, ಅದನ್ನೇ ಕೊಂಡು ಸುರಿದಳು. ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎಂದು ವೀಸ್‌ಲೋಖ್ ಹೆಮ್ಮೆಪಡುವುದು ಇದೇ ಕಾರಣಕ್ಕೆ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಬ್ರೇಕು ಸವೆದಾಗ ಚಮ್ಮಾರನೊಬ್ಬನಿಂದ ಚರ್ಮ ಹೊಡೆಸಿದಳು. ಏರು ಬಂದಲ್ಲಿ ಮಕ್ಕಳು ಹಿಂದಿನಿಂದ ತಳ್ಳಿದರು. ಸಂಜೆ ತವರು ಮುಟ್ಟಿ ಗಂಡನಿಗೆ ತಂತಿ ಕಳಿಸಿದಳು. ಕೆಲವು ದಿನಗಳ ನಂತರ ಅದೇ ಗಾಡಿಯಲ್ಲಿ ಮನೆಗೆ ಮರಳಿದಳು. ಏರು ಹತ್ತಲು ಗಾಡಿಗೆ ಇನ್ನೊಂದು ಗೇರ್ ಬೇಕೆಂಬುದು ಖಚಿತವಾದದ್ದು ಈ ಪ್ರಯಾಣದಿಂದಲೇ. ತವರಿನ ಭೇಟಿ, ಯಂತ್ರದ ಪರೀಕ್ಷೆ, ಊರೂರಿನ ಜನರ ಕಣ್ಣೆದುರು ಗಾಡಿ ಓಡಿಸಿ ತೋರಿಸುವುದು, ಎಲ್ಲವನ್ನೂ ಅವಳು ಒಂದೇ ಓಟದಲ್ಲಿ ಸಾಧಿಸಿದಳು. ಕೆಲಸಕ್ಕೆಂದು ದೇಶ ಬಿಟ್ಟು ಹೋಗಿ ಅದರ ನಡುವೆಯೇ ನಾಲ್ಕು ಊರು ನೋಡಿ ಬರಬೇಕೆನ್ನುವವರಿಗೆ ಇವಳಿಗಿಂತ ಒಳ್ಳೆಯ ಹಿರಿಯಳು ಸಿಗುವುದು ಕಷ್ಟ.

ಬೆಂಗಳೂರಿಗೂ ಜರ್ಮನಿಯ ಈ ಭಾಗಕ್ಕೂ ಓಡಾಟ ಹೊಸದಲ್ಲ. ರಾಬರ್ಟ್ ಬಾಷ್ 1886ರಲ್ಲಿ ಕಾರ್ಯಾಗಾರ ತೆರೆದದ್ದು ಸ್ಟುಟ್‌ಗಾರ್ಟ್‌ನಲ್ಲಿ. ಅದೇ ಬಾಷ್‌ನ ಭಾರತದ ಕಂಪನಿ 1951ರಲ್ಲಿ ಮೈಕೋ ಎಂಬ ಹೆಸರಿನಲ್ಲಿ ಹುಟ್ಟಿತು, ಆಡುಗೋಡಿಯಲ್ಲಿ ಬೇರು ಬಿಟ್ಟಿತು. ಮರ್ಸಿಡಿಸ್‌ನ ಸಂಶೋಧನಾ ಕೇಂದ್ರ 1996ರಲ್ಲಿ, ಸ್ಯಾಪ್ ಲ್ಯಾಬ್ಸ್ 1998ರಲ್ಲಿ ಬೆಂಗಳೂರಿಗೆ ಬಂದವು. ಹೀಗಾಗಿ ಸ್ಟುಟ್‌ಗಾರ್ಟ್, ಸಿಂಡೆಲ್‌ಫಿಂಗನ್, ವಾಲ್ಡಾರ್ಫ್ ಎಂಬ ಹೆಸರುಗಳು ಇಂದು ಹಾಸನ, ದಾವಣಗೆರೆ, ಗದಗಿನ ಮನೆಗಳಲ್ಲೂ ಕೇಳಿಬರುತ್ತವೆ. "ಮಗ ಎಲ್ಲಿದಾನೆ?" ಎಂದರೆ "ಜರ್ಮನಿಗೆ ಹೋಗಿದಾನೆ, ಆನ್‌ಸೈಟು" ಎನ್ನುತ್ತಾರೆ ತಾಯಂದಿರು. ಮಗಳು ಹೋದ ಮನೆಗಳೂ ಈಗ ಕಡಿಮೆಯಿಲ್ಲ. ಅಂಥ ಮನೆಗಳಲ್ಲಿ ಮಗುವನ್ನು ನೋಡಿಕೊಳ್ಳಲು ಊರಿನಿಂದ ಅಜ್ಜಿ ಬಂದಿರುತ್ತಾರೆ.

ಹೊರಡುವ ಹಿಂದಿನ ರಾತ್ರಿಯ ಪ್ಯಾಕಿಂಗ್ ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ. ಚಟ್ನಿಪುಡಿ, ಗೊಜ್ಜವಲಕ್ಕಿ, ಉಪ್ಪಿನಕಾಯಿ, ಪುಟ್ಟ ಎಲೆಕ್ಟ್ರಿಕ್ ಕುಕ್ಕರ್. ಅಮ್ಮ ಕಾಯಿಸಿದ ತುಪ್ಪದ ಡಬ್ಬಿ ಮಾತ್ರ ಹಿಂದೆ ಉಳಿಯಬೇಕು. ಹೊರಗಿನ ದೇಶಗಳಿಂದ ಬರುವ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಇದನ್ನು ತಾಯಿಗೆ ಒಪ್ಪಿಸುವುದು ವೀಸಾ ಸಂದರ್ಶನಕ್ಕಿಂತ ಕಷ್ಟದ ಕೆಲಸ. "ತುಪ್ಪಕ್ಕೇನು ರೋಗವಂತೆ?" ಎಂಬ ಪ್ರಶ್ನೆಗೆ ಯಾವ ಎಂಜಿನಿಯರ್ ಬಳಿಯೂ ಉತ್ತರವಿರುವುದಿಲ್ಲ.

ಕೈಗೆ ಬಂದ ಷೆಂಗೆನ್ ವೀಸಾ 29 ದೇಶಗಳಿಗೆ ಸಲ್ಲುತ್ತದೆ. ಯಾವುದೇ 180 ದಿನಗಳ ಅವಧಿಯಲ್ಲಿ ಗರಿಷ್ಠ 90 ದಿನ ಆ ದೇಶಗಳಲ್ಲಿ ಇರಬಹುದು. ಇಷ್ಟು ದೊಡ್ಡ ಬಾಗಿಲು ತೆರೆದಿರುವಾಗ ವಾರಾಂತ್ಯದ ಆಸೆಯೂ ದೊಡ್ಡದಾಗುವುದು ಸಹಜ. ಸ್ಟುಟ್‌ಗಾರ್ಟ್‌ನಿಂದ ಪ್ಯಾರಿಸ್‌ಗೆ ವೇಗದ ರೈಲಿನಲ್ಲಿ ಮೂರು ಗಂಟೆಗೆ ತುಸು ಹೆಚ್ಚು. ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿ ನೇರ ಸ್ಟೇಷನ್ನಿಗೆ ಓಡುವುದು, ಶನಿವಾರ ಐಫೆಲ್ ಗೋಪುರ, ಭಾನುವಾರ ಇನ್ನೊಂದಿಷ್ಟು ಸಾಲು ನಿಲ್ಲುವುದು, ರಾತ್ರಿ ವಾಪಸು, ಸೋಮವಾರ ಬೆಳಗ್ಗೆ ಕೆಂಗಣ್ಣಿನಲ್ಲಿ ಮೀಟಿಂಗ್. ಮುಂದಿನ ವಾರ ಸ್ವಿಟ್ಜರ್ಲೆಂಡ್, ಅದರ ಮುಂದಿನದು ಆಮ್‌ಸ್ಟರ್‌ಡ್ಯಾಮ್.

ಇದನ್ನು ತಪ್ಪೆನ್ನಲು ಮನಸ್ಸು ಬರುವುದಿಲ್ಲ. ಮನೆಯಲ್ಲಿ ಮೊದಲ ಬಾರಿಗೆ ಪಾಸ್‌ಪೋರ್ಟ್ ಮಾಡಿಸಿದವರು ಐಫೆಲ್ ಗೋಪುರದ ಕೆಳಗೆ ನಿಂತು ಅಪ್ಪನಿಗೆ ವಿಡಿಯೋ ಕಾಲ್ ಮಾಡುವ ಸಂತೋಷಕ್ಕೆ ಬೆಲೆ ಕಟ್ಟಲಾಗದು. ಆದರೆ ಎಲ್ಲ ಶನಿವಾರಗಳನ್ನೂ ದೂರಕ್ಕೆ ಕೊಟ್ಟುಬಿಟ್ಟರೆ, ವಾರದ ಐದು ದಿನ ಬದುಕಿದ ಊರು ಪೂರ್ತಿ ಅಪರಿಚಿತವಾಗಿಯೇ ಉಳಿಯುತ್ತದೆ. ಪ್ರವಾಸಿಗೆ ಸಿಗದ ಒಂದು ಅನುಕೂಲ ಕೆಲಸಕ್ಕೆ ಹೋದವರಿಗೆ ಸಿಕ್ಕಿರುತ್ತದೆ: ಊರಿನ ದಿನಚರಿಯಲ್ಲಿ ಅವರಿಗೂ ಒಂದು ಜಾಗವಿರುತ್ತದೆ. ಯಾವ ಬೇಕರಿ ಬೇಗ ತೆರೆಯುತ್ತದೆ, ಯಾವ ಸಹೋದ್ಯೋಗಿ ಸೈಕಲ್ಲಿನಲ್ಲಿ ಬರುತ್ತಾರೆ ಎಂಬುದು ಗೊತ್ತಿರುತ್ತದೆ. ಭಾನುವಾರ ಜರ್ಮನಿಯಲ್ಲಿ ಅಂಗಡಿಗಳು ಕಾನೂನಿನ ಪ್ರಕಾರವೇ ಮುಚ್ಚಿರುತ್ತವೆ, ಹಾಲು ಮೊಸರು ಶನಿವಾರವೇ ತಂದಿಟ್ಟುಕೊಳ್ಳಬೇಕು ಎಂಬುದೂ ಅಭ್ಯಾಸವಾಗಿರುತ್ತದೆ. ಅಂಥವರು ಆ ಊರನ್ನು ಪ್ರವಾಸಿಗಿಂತ ಆಳವಾಗಿ ನೋಡಬಲ್ಲರು.

ನೋಡಲು ಸ್ಟುಟ್‌ಗಾರ್ಟ್‌ನಲ್ಲಿ ಏನಿದೆ ಎಂದು ಕೇಳುವವರಿದ್ದಾರೆ. ಮರ್ಸಿಡಿಸ್, ಪೋರ್ಷೆ ಮ್ಯೂಸಿಯಂಗಳನ್ನು ಎಲ್ಲರೂ ಹೇಳುತ್ತಾರೆ. 1956ರಲ್ಲಿ ಎದ್ದು ನಿಂತ ಟಿವಿ ಗೋಪುರ ಇಲ್ಲಿಯದು. ಕಾಂಕ್ರೀಟಿನಲ್ಲಿ ಕಟ್ಟಿದ ಜಗತ್ತಿನ ಮೊದಲ ಟಿವಿ ಗೋಪುರ ಅದು. ಗುಡ್ಡದ ಮೇಲಿನ ವೈಸನ್‌ಹೋಫ್ ಬಡಾವಣೆಯಲ್ಲಿ 1927ರಲ್ಲಿ ಲ ಕಾರ್ಬ್ಯೂಸಿಯೇ ಕಟ್ಟಿದ ಮನೆಗಳಿವೆ. ಚಂಡೀಗಢವನ್ನು ರೂಪಿಸಿದ ವಾಸ್ತುಶಿಲ್ಪಿಯೇ ಈತ. 2016ರಲ್ಲಿ ಯುನೆಸ್ಕೋ ಈ ಮನೆಗಳನ್ನೂ ಚಂಡೀಗಢದ ಕ್ಯಾಪಿಟಲ್ ಸಂಕೀರ್ಣವನ್ನೂ ಒಂದೇ ಪಟ್ಟಿಯಲ್ಲಿ ವಿಶ್ವ ಪರಂಪರೆಗೆ ಸೇರಿಸಿತು. ಊರಿಗೆ ಮರಳುವವರು ಸೂಟ್‌ಕೇಸಿಗೆ ತುಂಬುವ ಚೌಕಾಕಾರದ ರಿಟ್ಟರ್ ಸ್ಪೋರ್ಟ್ ಚಾಕೊಲೇಟು ತಯಾರಾಗುವ ವಾಲ್ಡನ್‌ಬುಖ್ ಕೂಡ ಹತ್ತಿರವೇ. ಕೋಟಿನ ಜೇಬಿನಲ್ಲಿ ಮುರಿಯದೆ ಕೂರುವ ಚಾಕೊಲೇಟು ಬೇಕೆಂದು 1932ರಲ್ಲಿ ಈ ಆಕಾರ ಸೂಚಿಸಿದ್ದು ಮಾಲೀಕನ ಹೆಂಡತಿ ಕ್ಲಾರಾ ರಿಟ್ಟರ್. ಇಷ್ಟು ತಿಳಿದು ತಂದರೆ ಮಕ್ಕಳ ಕೈಗೆ ಚಾಕೊಲೇಟಿನ ಜೊತೆ ಒಂದು ಕಥೆಯನ್ನೂ ಇಡಬಹುದು.

ಕನ್ನಡದವರಿಗೆ ಇಲ್ಲಿ ಇದಕ್ಕಿಂತ ಹತ್ತಿರದ ನಂಟೊಂದಿದೆ. ಸ್ಟುಟ್‌ಗಾರ್ಟ್‌ನ ಎಸ್‌–1 ಲೋಕಲ್ ರೈಲು ಎಸ್ಲಿಂಗನ್ ಎಂಬ ಊರಿನ ಮೂಲಕ ಹಾದುಹೋಗುತ್ತದೆ. ನೆಕ್ಕರ್ ನದಿಯ ದಂಡೆ, ಇಳಿಜಾರಿನಲ್ಲಿ ದ್ರಾಕ್ಷಿ ತೋಟ, ಮರದ ಚೌಕಟ್ಟಿನ ಹಳೆಯ ಮನೆಗಳು. 1881ರಲ್ಲಿ ಹರ್ಮನ್ ಮೋಗ್ಲಿಂಗ್ ತೀರಿಕೊಂಡದ್ದು ಈ ಊರಿನಲ್ಲಿ. 1836ರಲ್ಲಿ ಬಾಸೆಲ್ ಮಿಷನ್ನಿನ ಕೆಲಸಕ್ಕೆಂದು ಮಂಗಳೂರಿಗೆ ಬಂದವರು, 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಕನ್ನಡದ ಮೊದಲ ಪತ್ರಿಕೆ ಅದು. ಕರ್ನಾಟಕದ ಪತ್ರಕರ್ತರು ಇಂದಿಗೂ ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಹಳೆಯ ಕನ್ನಡ ಕಾವ್ಯಗಳನ್ನೂ ದಾಸರ ಪದಗಳನ್ನೂ ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದರು. 1860ರಲ್ಲಿ ಊರಿಗೆ ಮರಳಿದವರಿಗೆ ಮತ್ತೆ ಭಾರತಕ್ಕೆ ಬರಲಾಗಲಿಲ್ಲ.

ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ ಟ್ಯೂಬಿಂಗನ್. 2023ರಲ್ಲಿ ತಿಂಗಳಿಗೆ 49 ಯೂರೋಗೆ ಶುರುವಾಗಿ ಈಗ ದರ ಏರಿರುವ ಡಾಯ್ಚ್‌ಲಾಂಡ್ ಟಿಕೆಟ್ ಇದ್ದರೆ ಪ್ರಾದೇಶಿಕ ರೈಲುಗಳಿಗೆ ಬೇರೆ ಟಿಕೆಟ್ಟು ಬೇಡ. ಟ್ಯೂಬಿಂಗನ್ 1477ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ಊರು. ಬೆಟ್ಟದ ಮೇಲಿನ ಕೋಟೆಯ ಅಡುಗೆಮನೆಯನ್ನೇ ಪ್ರಯೋಗಾಲಯ ಮಾಡಿಕೊಂಡಿದ್ದ ಜಾಗದಲ್ಲಿ 1869ರಲ್ಲಿ ಫ್ರೀಡ್ರಿಷ್ ಮೀಶರ್, ಮುಂದೆ ಡಿಎನ್‌ಎ ಎಂದು ಹೆಸರಾದ ವಸ್ತುವನ್ನು ಮೊದಲು ಬೇರ್ಪಡಿಸಿದರು. ಕೆಳಗೆ ನದಿಯಲ್ಲಿ ವಿದ್ಯಾರ್ಥಿಗಳು ಉದ್ದನೆಯ ಗಳು ಊರಿ ದೋಣಿ ನಡೆಸುತ್ತಾರೆ. ಕನ್ನಡ ನಿಘಂಟಿನ ಫರ್ಡಿನಾಂಡ್ ಕಿಟೆಲ್ ಕೊನೆಯ ವರ್ಷಗಳನ್ನು ಕಳೆದದ್ದು ಈ ಊರಿನಲ್ಲಿ. ತೀರಿಕೊಂಡದ್ದು 1903ರಲ್ಲಿ, ಇಲ್ಲಿಯೇ.

ಕಿಟೆಲ್ ಕಥೆಯಲ್ಲಿ ಹೋಗುವುದು ಬರುವುದು ಎರಡೂ ಸಲೀಸಾಗಿರಲಿಲ್ಲ. 1853ರಲ್ಲಿ ಕರ್ನಾಟಕಕ್ಕೆ ಬಂದವರು, ನಡುವೆ ಜರ್ಮನಿಗೆ ಮರಳಿದವರು, ಐವತ್ತು ದಾಟಿದ ಮೇಲೆ 1883ರಲ್ಲಿ ನಿಘಂಟಿನ ಕೆಲಸಕ್ಕಾಗಿ ಮತ್ತೆ ಬಂದರು. 1892ರಲ್ಲಿ ಹಿಂದಿರುಗಿದರು. ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಎರಡು ವರ್ಷ ಕಳೆದು ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟು ಗೌರವಿಸಿತು. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆಯಿದೆ. ಅದರ ಪಕ್ಕದಲ್ಲೇ ದಿನವೂ ಕ್ಯಾಬಿನಲ್ಲಿ ಆಫೀಸಿಗೆ ಹೋಗುವವರು ಟ್ಯೂಬಿಂಗನ್ನಿನ ಕಲ್ಲು ಹಾಸಿದ ಓಣಿಗಳಲ್ಲಿ ನಡೆಯುವಾಗ ಒಂದು ಕ್ಷಣ ಅವರನ್ನು ನೆನೆದರೆ ಆ ಪಯಣಕ್ಕೊಂದು ತೂಕ ಬರುತ್ತದೆ. ಕನ್ನಡದ ಇಷ್ಟು ದೊಡ್ಡ ಋಣ ಇಷ್ಟು ಹತ್ತಿರದಲ್ಲಿದ್ದೂ ಎಷ್ಟೋ ಮಂದಿಗೆ ಗೊತ್ತಾಗದೆ ಹೋಗುತ್ತದಲ್ಲ ಎಂಬುದೇ ನೋವಿನ ಸಂಗತಿ.

ಕೆಲಸದವರ ಕಣ್ಣಿನಿಂದ ಪರದೇಶ ನೋಡುವ ಪರಂಪರೆ ನಮ್ಮಲ್ಲೂ ಇದೆ. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನ್ ನೋಡಿಬಂದಿದ್ದರು. 1908ರಲ್ಲಿ ಅವರು ವಿದೇಶ ಪ್ರವಾಸದಲ್ಲಿದ್ದಾಗ ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಅನಾಹುತವಾಯಿತು, ನೆರೆ ತಡೆಯುವ ಕೆಲಸಕ್ಕೆ ನಿಜಾಮರ ಸರ್ಕಾರ ಅವರನ್ನು ಕರೆಯಿತು. ಅವರು ಪ್ರವಾಸ ಪೂರೈಸಿಕೊಂಡೇ ಬಂದು 1909ರಲ್ಲಿ ಆ ಕೆಲಸ ವಹಿಸಿಕೊಂಡರು.

ಇನ್ನು ಮರಳುವ ಮಾತು. ಮರಳುವುದು ದೇಹಕ್ಕೆ ಹೋಗುವುದಕ್ಕಿಂತ ಕಷ್ಟ. ಮನುಷ್ಯನ ಒಳಗಡಿಯಾರದ ಸಹಜ ಸುತ್ತು 24 ಗಂಟೆಗಿಂತ ತುಸು ದೊಡ್ಡದು. ಪಶ್ಚಿಮಕ್ಕೆ ಹೋದಾಗ ದಿನ ಹಿಗ್ಗುತ್ತದೆ, ಒಳಗಡಿಯಾರ ಸುಲಭವಾಗಿ ಒಗ್ಗಿಕೊಳ್ಳುತ್ತದೆ. ಪೂರ್ವಕ್ಕೆ ಬಂದಾಗ ದಿನ ಕುಗ್ಗುತ್ತದೆ, ಒಗ್ಗಲು ತಡವಾಗುತ್ತದೆ. ಜರ್ಮನಿಗೂ ನಮಗೂ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಅಂತರ. ಮನೆಯವರೆಲ್ಲ ಮಲಗಿ ಎರಡು ಗಂಟೆ ಕಳೆದರೂ ಬಂದವರಿಗೆ ನಿದ್ದೆ ಹತ್ತುವುದಿಲ್ಲ. ಬೆಳಗ್ಗೆ ಮಗು ಶಾಲೆಗೆ ಹೊರಡುವ ಹೊತ್ತಿಗೆ ಕಣ್ಣು ಬಿಡಲಾಗುವುದಿಲ್ಲ.

ದೇಹ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಮನೆಯೊಳಗೆ ಮತ್ತೆ ಬೆರೆಯುವುದಕ್ಕೆ ಹೆಚ್ಚು ಕಾಲ ಬೇಕು. ಹೋದವರು ಇಲ್ಲದ ದಿನಗಳಲ್ಲಿ ಮನೆ ನಿಂತಿರಲಿಲ್ಲ. ಮಗುವಿಗೆ ಜ್ವರ ಬಂದು ರಾತ್ರಿ ಆಸ್ಪತ್ರೆಗೆ ಓಡಿದ್ದು, ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ನೀರು ತರಿಸಲು ಜಗಳಾಡಿದ್ದು, ಮಾವನವರ ಕಣ್ಣಿನ ಆಪರೇಷನ್, ಎಲ್ಲ ಒಬ್ಬರ ಹೆಗಲ ಮೇಲೆಯೇ ಬಿದ್ದಿರುತ್ತದೆ. ಫೋನಿನಲ್ಲಿ "ಇಲ್ಲೆಲ್ಲ ಆರಾಮ, ನೀವು ಊಟ ಸರಿಯಾಗಿ ಮಾಡಿ" ಎಂದಷ್ಟೇ ಹೇಳಿದ್ದ ಆ ಒಬ್ಬರು, ಬಂದವರು ಸೂಟ್‌ಕೇಸು ಬಿಚ್ಚಿ ಸ್ವಿಟ್ಜರ್ಲೆಂಡಿನ ಫೋಟೋ ತೋರಿಸಲು ಕೂತಾಗ ಸುಮ್ಮನಾಗುವುದುಂಟು. ಹೋದವರ ಕಥೆಗಿಂತ ಇದ್ದವರ ಕಥೆ ಮೊದಲು ಕೇಳಬೇಕು. ಅದಕ್ಕೆ ಒಂದು ಸಂಜೆ ಸಾಲದು. ಕೇಳಿ ಮುಗಿದ ಮೇಲೆ ಹೇಳಲು ಹೊರಟರೆ ಫೋಟೋಗಳ ಅಗತ್ಯವೂ ಹೆಚ್ಚು ಬೀಳುವುದಿಲ್ಲ. ಗಂಡನಿಗೆ ಹೇಳದೆ ಗಾಡಿ ಓಡಿಸಿಕೊಂಡು ತವರಿಗೆ ಹೋದವಳ ಕಥೆಯನ್ನು ಅತ್ತೆಯೂ ಮೊಮ್ಮಗಳೂ ಒಟ್ಟಿಗೆ ಕೂತು ಕೇಳುತ್ತಾರೆ. "ಬ್ರೇಕಿಗೆ ಚಪ್ಪಲಿ ಹೊಲಿಯೋನು ಚರ್ಮ ಹೊಡೆದನಾ?" ಎಂದು ಮಗು ಎರಡೆರಡು ಸಲ ಕೇಳುತ್ತದೆ.

ಆಫೀಸಿನಲ್ಲಿ ಟ್ರಿಪ್ ರಿಪೋರ್ಟ್ ಬರೆದು ಬಿಲ್ಲುಗಳನ್ನು ಅಂಟಿಸಿ ಮುಗಿಸುವ ಹೊತ್ತಿಗೆ ಮುಂದಿನ ಹುಡುಗಿಯ ವೀಸಾ ಬಂದಿರುತ್ತದೆ. ಕ್ಯಾಂಟೀನಿನಲ್ಲಿ ಅವಳು ಪಟ್ಟಿ ಕೇಳುತ್ತಾಳೆ. ಬಂದವರು ಹೇಳುತ್ತಾರೆ: ಸೋಮವಾರ ಮರ್ಸಿಡಿಸ್ ಮ್ಯೂಸಿಯಂ ಮುಚ್ಚಿರುತ್ತದೆ, ತುಪ್ಪ ಬೇಡ, ಮಳೆಗೊಂದು ಜಾಕೆಟ್ ಇರಲಿ, ಎಸ್ಲಿಂಗನ್‌ಗೆ ಇಳಿ, ಟ್ಯೂಬಿಂಗನ್‌ಗೆ ಒಂದಿಡೀ ದಿನ ಕೊಡು.

"ಮತ್ತೆ ಪ್ಯಾರಿಸ್ಸು ಸಾರ್?"

"ಖಂಡಿತ ಹೋಗಮ್ಮ. ಮೊದಲ ಶನಿವಾರ ಮಾತ್ರ ಬೇಡ."