ಅಜ್ಜಾ, ನೀ ಸತ್ತಿ!

ಗೋಕಾಕದಲ್ಲಿ ಗೊಂಬೆ ಮಾಡುವವರು ಹಣ್ಣು ಕಾಯಿಗಳಿಗೆ ಹೆಸರುವಾಸಿ. ಮಾವು, ಬಾಳೆ, ಸೀತಾಫಲ, ಬದನೆಕಾಯಿ. ಬುಟ್ಟಿಯಲ್ಲಿ ಜೋಡಿಸಿ ಪಡಸಾಲೆಯಲ್ಲಿ ಇಟ್ಟರೆ, ಹೊಸದಾಗಿ ಬಂದ ಬೀಗರು ಮಾತಿನ ಭರದಲ್ಲಿ ಒಂದು ಬಾಳೆಹಣ್ಣು ಎತ್ತಿಕೊಂಡು ಸಿಪ್ಪೆ ಸುಲಿಯಲು ನೋಡುತ್ತಾರೆ. ಆಮೇಲೆ ಮನೆಮಂದಿಯೆಲ್ಲ ನಗುತ್ತಾರೆ, ಬೀಗರೂ ನಗಲೇಬೇಕಾಗುತ್ತದೆ. ಆಟಿಕೆ ನಿಜದ ಹಾಗೆ ಕಾಣಬೇಕು, ಕಂಡವರು ಮೋಸಹೋಗಬೇಕು ಎಂಬುದು ಈ ಕಸಬಿನ ಹೆಮ್ಮೆ. ಮೋಸ ಬಾಳೆಹಣ್ಣಿನದಾಗಿದ್ದರೆ ಯಾರಿಗೂ ನಷ್ಟವಿಲ್ಲ.

ನಮ್ಮ ಮನೆಯಲ್ಲಿ ಜಗಳ ಎದ್ದದ್ದು ಬಾಳೆಹಣ್ಣಿಗಲ್ಲ, ಪಿಸ್ತೂಲಿಗೆ. ಜಾತ್ರೆಯ ತಾಡಪತ್ರಿ ಅಂಗಡಿಯಿಂದ ಐದು ವರ್ಷದ ಮೊಮ್ಮಗ ಹಟ ಮಾಡಿ ತಂದದ್ದು, ಕರ್ರಗೆ, ಅಂಗೈಗಿಂತ ದೊಡ್ಡದು. ಮರುದಿನ ಬೆಳಿಗ್ಗೆ ನಾನು ಚಹಾ ಕುಡಿಯುತ್ತ ಕೂತಿದ್ದಾಗ ಬಾಗಿಲ ಮರೆಯಿಂದ ಗುಂಡು ಹಾರಿತು.

"ಅಜ್ಜಾ, ನೀ ಸತ್ತಿ!"

"ಸತ್ತೆ ಬಿಡಪಾ. ಚಹಾ ಆದ್ರೂ ಮುಗಸ್ಲೇನು?"

"ಸತ್ತಾಂವ ಮಾತಾಡಬಾರ್ದು!"

ಒಳಗಿನಿಂದ ಸೊಸೆ ಬಂದಳು. "ಮಾವಾರ, ನೀವು ಹಿಂಗ ಕರೆದಾಗೊಮ್ಮೆ ಸಾಯ್ತೀರಿ, ಅದಕ್ಕ ಅಂವಗ ಹುರುಪ ಹೆಚ್ಚಾಗೇತಿ. ನಾಳೆ ಸಾಲ್ಯಾಗ ಯಾರಿಗರೆ ಹಿಂಗ ಮಾಡಿದ್ರ?" ಪಿಸ್ತೂಲು ಅಟ್ಟ ಸೇರಿತು. ಹುಡುಗ ಅರ್ಧ ತಾಸು ಅತ್ತ. ನಂತರ ಹಿತ್ತಲಿಗೆ ಹೋಗಿ ಒಣಗಿದ ಜೋಳದ ದಂಟು ಮುರಿದುಕೊಂಡು ಬಂದ. ನಾನು ಮತ್ತೊಮ್ಮೆ ಸತ್ತೆ.

ಅಲ್ಲಿಗೆ ಸೊಸೆಯ ವಾದ ಸೋತಿತು ಎಂದು ನಾನೇನೂ ಹಿಗ್ಗಲಿಲ್ಲ. ಆಟಿಕೆಯನ್ನು ಕಸಿದುಕೊಳ್ಳಬಹುದು, ಆಟವನ್ನಲ್ಲ ಎಂಬುದು ಮಾತ್ರ ಕಂಡಿತು. ಸ್ವೀಡನ್ ದೇಶದಲ್ಲಿ 1979ರಲ್ಲಿ ವ್ಯಾಪಾರಿಗಳೇ ಒಪ್ಪಂದ ಮಾಡಿಕೊಂಡು ಯುದ್ಧದ ಆಟಿಕೆ ಮಾರುವುದನ್ನು ನಿಲ್ಲಿಸಿದರಂತೆ. ಒಳ್ಳೆಯದೇ. ಆದರೆ ಕೋಲನ್ನು ಯಾವ ಅಂಗಡಿಯವನೂ ಮಾರುವುದಿಲ್ಲವಲ್ಲ, ಅದನ್ನು ನಿಲ್ಲಿಸುವವರು ಯಾರು?

ಇನ್ನು ನಮ್ಮ ಸೀಮೆಯ ಮಕ್ಕಳಿಗೆ ಕತ್ತಿ ಮುಟ್ಟಬೇಡ ಎನ್ನುವುದು ಸುಲಭವಲ್ಲ. ನವರಾತ್ರಿಯಲ್ಲಿ ಖಂಡೆಪೂಜೆಗೆ ಕುಡಗೋಲು, ಕೊಡಲಿ, ಈಳಿಗೆ ಎಲ್ಲವನ್ನೂ ತೊಳೆದು ಕುಂಕುಮ ಹಚ್ಚುತ್ತೇವೆ. ಹತ್ತಿರದಲ್ಲೇ ಕಿತ್ತೂರು. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಸತ್ತ ಕತೆಯನ್ನು ಇಲ್ಲಿಯ ಹುಡುಗರಿಗೆ ಪಾಠದ ಪುಸ್ತಕಕ್ಕಿಂತ ಮೊದಲು ಮನೆಯವರು ಹೇಳಿರುತ್ತಾರೆ. ಸಂಗೊಳ್ಳಿ ರಾಯಣ್ಣ ಹುಟ್ಟಿದ್ದು ಆಗಸ್ಟ್ 15, ಗಲ್ಲಿಗೇರಿದ್ದು 1831ರ ಜನವರಿ 26 ಎನ್ನುತ್ತಾರೆ. ಹಾಗಾಗಿ ಎರಡೂ ಧ್ವಜವಂದನೆಗೆ ಸಾಲೆಯ ಅಂಗಳದಲ್ಲಿ ರಾಯಣ್ಣರ ಸಾಲೇ ನಿಂತಿರುತ್ತದೆ. ರಟ್ಟಿನ ಕತ್ತಿ, ಅದಕ್ಕೆ ಬೆಳ್ಳಿ ಕಾಗದ, ಕಾಡಿಗೆಯ ಮೀಸೆ. ಆ ಕತ್ತಿಗಳನ್ನು ಹಿಂದಿನ ರಾತ್ರಿ ಕೂತು ಕತ್ತರಿಸಿದವರು ಯಾರು? ಪಿಸ್ತೂಲು ಬೇಡವೆಂದು ಗದರುವ ಅದೇ ತಾಯಂದಿರು. ನಮ್ಮ ಸೊಸೆಯ ಕೈ ಇದರಲ್ಲಿ ಬಹಳ ಚುರುಕು. ಅವಳು ಮಾಡಿದ ಕತ್ತಿಯ ಹಿಡಿಕೆಯ ಮೇಲೆ ನಕ್ಷೆಯೂ ಇರುತ್ತದೆ.

ಕತ್ತಿ ನಮ್ಮದು, ಬಂದೂಕು ಪರರದು ಎಂದು ಹೇಳಿ ಪಾರಾಗೋಣವೆಂದರೆ ಅದೂ ಆಗುವುದಿಲ್ಲ. ಥ್ಯಾಕರೆಗೆ ಗುಂಡಿಟ್ಟವನು ಅಮಟೂರ ಬಾಳಪ್ಪ. ನಮ್ಮ ಓಣಿಯ ಹುಡುಗರಿಗೆ ಇದು ಚೆನ್ನಾಗಿ ಗೊತ್ತು. ಅವರ ಆಟದಲ್ಲಿ ಚೆನ್ನಮ್ಮ, ರಾಯಣ್ಣ, ಬಾಳಪ್ಪ ಎಲ್ಲ ಪಾತ್ರಗಳಿಗೂ ಜಗಳ. ಥ್ಯಾಕರೆಯಾಗಲು ಯಾರೂ ಒಲ್ಲರು. ಕೊನೆಗೆ ಎಲ್ಲರಿಗಿಂತ ಸಣ್ಣವನನ್ನು ಹಿಡಿದು ಅವನ ತಲೆಗೆ ಬುಟ್ಟಿ ಹಾಕಿ ಸಾಹೇಬನನ್ನು ಮಾಡುತ್ತಾರೆ. ಅವನು ಬೀಳುತ್ತಾನೆ, ಮೊಣಕಾಲು ತರಚಿಕೊಂಡು ಅಳುತ್ತಾನೆ. ಆಗ ರಾಯಣ್ಣನೇ ಕತ್ತಿ ಒಗೆದು ಬಂದು ಅವನ ಅಂಗಿ ಜಾಡಿಸಿ ಎಬ್ಬಿಸುತ್ತಾನೆ. ಮುಂದಿನ ಆಟಕ್ಕೆ ಥ್ಯಾಕರೆ ಬೇಕಲ್ಲ!

ಇಂಥ ಆಟ ನೋಡಿದಾಗ ನನಗೆ ಭಯವಾಗುವುದಿಲ್ಲ. ಅಲ್ಲಿ ಒಂದು ಕತೆ ಇದೆ. ಯಾರು ಯಾರನ್ನು ಯಾತಕ್ಕೆ ಹೊಡೆಯುತ್ತಿದ್ದಾರೆ ಎಂಬುದು ಎಲ್ಲರಿಗೂ ಗೊತ್ತು. ಬಾಗಿಲ ಮರೆಯಿಂದ ಬಂದ ಗುಂಡಿನಲ್ಲಿ ಅದಿರಲಿಲ್ಲ. ಅಜ್ಜನನ್ನು ಕೊಂದ, ಬೆಕ್ಕನ್ನು ಕೊಂದ, ಹಾಲಿನವನನ್ನು ಕೊಂದ. ಯಾಕೆ ಎಂದು ಕೊಂದವನಿಗೂ ಗೊತ್ತಿಲ್ಲ, ಸತ್ತವನಿಗೂ ಗೊತ್ತಿಲ್ಲ.

ಈ ಭಾಗ ಆಟದ ಸೀಮೆ. ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿದ ಕುಲಗೋಡ ತಮ್ಮಣ್ಣ ಇಲ್ಲಿಯವನು, ಅದನ್ನು ಆಡಿ ಹೆಸರಾದ ಕೌಜಲಗಿ ನಿಂಗಮ್ಮ ಇಲ್ಲಿಯವಳು. ಪಾರಿಜಾತದಲ್ಲಿ ರುಕ್ಮಿಣಿ, ಸತ್ಯಭಾಮೆಯರ ಜಗಳವೆಲ್ಲ ಮಾತಿನದೇ, ಅಲ್ಲಿ ಕತ್ತಿಗೆ ಕೆಲಸವಿಲ್ಲ. ದೊಡ್ಡಾಟದಲ್ಲಿ ಕತ್ತಿ, ಬಿಲ್ಲು, ಗದೆ ಎಲ್ಲ ಇವೆ. ಆದರೆ ಕಿರೀಟ ಹೊತ್ತು ರಂಗಕ್ಕೆ ಬಂದವನು ನೇರವಾಗಿ ಹೋಗಿ ಹೊಡೆಯುವ ಹಾಗಿಲ್ಲ. ಸಾರಥಿ ಅಡ್ಡ ನಿಂತು ಕೇಳುತ್ತಾನೆ: ತಾವು ಯಾರು, ಯಾವ ಊರು, ಬಂದ ಕಾರಣವೇನು? ಅದಕ್ಕೆಲ್ಲ ಉತ್ತರ ಹೇಳಬೇಕು, ಪದ ಹಾಡಬೇಕು, ಕುಣಿಯಬೇಕು. ಎದುರಾಳಿಯೂ ಬಂದು ಹಾಗೇ ಹಾಡಿ ಕುಣಿಯಬೇಕು. ಇಷ್ಟೆಲ್ಲ ಆಗಿ ಯುದ್ಧ ಶುರುವಾಗುವ ಹೊತ್ತಿಗೆ ಮೂಡಲಲ್ಲಿ ಬೆಳಕು ಹರಿಯುತ್ತಿರುತ್ತದೆ, ನೋಡುವವರಲ್ಲಿ ಅರ್ಧ ಮಂದಿ ಕಂಬಳಿಯೊಳಗೆ.

ನಾನು ಈ ಸಾರಥಿಯ ಕೆಲಸ ಹಿಡಿದೆ. ಮುಂದಿನ ಸಲ ದಂಟಿನ ಬಂದೂಕು ನನ್ನ ಎದೆಗೆ ಬಂದಾಗ ಕೈ ಮುಗಿದು ಕೇಳಿದೆ.

"ತಾವು ಯಾರು, ಸಾಹೇಬರ?"

ಹುಡುಗ ಗಲಿಬಿಲಿಗೊಂಡ. "ಪೊಲೀಸ."

"ಯಾವ ಠಾಣೆ?"

"ಗೋಕಾಕ ಫಾಲ್ಸ್ ಠಾಣೆ."

"ನಾ ಏನು ತಪ್ಪು ಮಾಡೇನ್ರೀ?"

ಅವನು ಬಹಳ ಯೋಚನೆ ಮಾಡಿದ. "ಕರದಂಟ ಕದ್ದೀ."

ಇದು ಪೂರಾ ಸುಳ್ಳೂ ಅಲ್ಲ; ಸಕ್ಕರೆ ರೋಗದವನಾದ ನಾನು ಡಬ್ಬಿ ತೆಗೆಯುವ ಸಪ್ಪಳ ಅವನ ಕಿವಿಗೆ ಬಿದ್ದಿರಬೇಕು. ಮುಂದೆ ವಿಚಾರಣೆ ನಡೆಯಿತು, ಸಾಕ್ಷಿಗೆ ಅವನ ಅಜ್ಜಿ ಬಂದಳು, ತೀರ್ಪು ಬಂತು: ನಾಲ್ಕು ದಿನ ಕರದಂಟು ಇಲ್ಲ. ಗುಂಡು ಹಾರಿಸುವುದು ಅವನಿಗೆ ಮರೆತೇ ಹೋಗಿತ್ತು. ಎಲ್ಲ ಸಲವೂ ಹೀಗೇ ಆಗುತ್ತದೆ ಎಂದಲ್ಲ. ಎಷ್ಟೋ ಸಲ "ಯಾವ ಠಾಣೆ" ಎನ್ನುವುದರೊಳಗೆ ಢಂ ಎನಿಸಿ ಓಡುತ್ತಾನೆ.

ಇಷ್ಟು ಹೇಳಿದ ಮೇಲೂ ಅಟ್ಟದ ಮೇಲಿನ ಆ ಕರಿ ಪಿಸ್ತೂಲಿನ ವಿಷಯದಲ್ಲಿ ನಾನು ಸೊಸೆಯ ಪಕ್ಷ. ಒಂದು, ಅದರಿಂದ ಪ್ಲಾಸ್ಟಿಕ್ ಗುಂಡು ಹಾರುತ್ತದೆ. ಕಣ್ಣಿಗೆ ಬಿದ್ದರೆ ಆಟ ಅಲ್ಲಿಗೆ ಮುಗಿಯಿತು. 1987ರಲ್ಲಿ ಟಿವಿಯಲ್ಲಿ ರಾಮಾಯಣ ಶುರುವಾದಾಗ ಮನೆಮನೆಯ ಕಸಬರಿಗೆ ಕಡ್ಡಿಗಳೆಲ್ಲ ಬಾಣಗಳಾಗಿದ್ದವು. ಬಿಲ್ಲು ದೇವರದಾದರೂ ಕಣ್ಣಿಗೆ ತಗಲುವ ಕಡ್ಡಿಗೆ ಅದು ತಿಳಿಯುವುದಿಲ್ಲ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಜಾತ್ರೆಯಲ್ಲಿ ತಾಡಪತ್ರಿ ಮೇಲೆ ಹರವಿಟ್ಟ ಪಿಸ್ತೂಲುಗಳಲ್ಲಿ ಆ ಗುರುತು ಹುಡುಕಿ ನೋಡಿ.

ಎರಡನೆಯದು, ಅದು ನಿಜದ ಹಾಗೆಯೇ ಇದೆ. 2014ರ ನವೆಂಬರ್‌ನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಊರಿನ ಉದ್ಯಾನದಲ್ಲಿ ಟಮೀರ್ ರೈಸ್ ಎಂಬ 12 ವರ್ಷದ ಹುಡುಗ ಇಂಥದೇ ಆಟದ ಪಿಸ್ತೂಲು ಹಿಡಿದು ಆಡುತ್ತಿದ್ದ. ಕಂಡವರೊಬ್ಬರು ಪೊಲೀಸರಿಗೆ ಫೋನ್ ಮಾಡುವಾಗ ಅದು ಬಹುಶಃ ಸುಳ್ಳು ಪಿಸ್ತೂಲು ಎಂದೂ ಹೇಳಿದ್ದರು. ಪೊಲೀಸರ ಗಾಡಿ ಬಂದು ನಿಂತು ಎರಡು ಸೆಕೆಂಡಿನಲ್ಲಿ ಗುಂಡು ಹಾರಿತು, ಹುಡುಗ ಮರುದಿನ ತೀರಿಕೊಂಡ. ತಪ್ಪು ಆಟಿಕೆಯದಲ್ಲ, ಹೊಡೆದವನದು. ಅಲ್ಲಿಯ ಪೊಲೀಸರೂ ಅಲ್ಲಿಯ ಬಂದೂಕುಗಳೂ ಬೇರೆ, ಒಪ್ಪುತ್ತೇನೆ. ಆದರೂ ಗೊಂಬೆ ಮಾಡುವವನ ಆ ಹೆಮ್ಮೆ ಪಿಸ್ತೂಲಿಗೆ ಸಲ್ಲದು. ಜೋಳದ ದಂಟನ್ನು ಯಾರೂ ಬಂದೂಕೆಂದು ತಿಳಿಯುವುದಿಲ್ಲ, ಹಿಡಿದವನನ್ನು ಬಿಟ್ಟು.

ನಂದಗಡದಲ್ಲಿ ರಾಯಣ್ಣನ ಸಮಾಧಿಯ ಹತ್ತಿರ ಒಂದು ಆಲದ ಮರವಿದೆ. ಮಕ್ಕಳಾಗಲಿ ಎಂದು ಹರಕೆ ಹೊತ್ತವರು ಅದಕ್ಕೆ ಕಟ್ಟಿಗೆಯ ಪುಟ್ಟ ತೊಟ್ಟಿಲು ಕಟ್ಟುತ್ತಾರೆ. ಕತ್ತಿ ಹಿಡಿದು ಗಲ್ಲಿಗೇರಿದವನ ಬಳಿ ಜನ ಕೂಸು ಬೇಡುತ್ತಾರೆ! ನಮ್ಮ ಮಂದಿ ಕತ್ತಿಯನ್ನೂ ತೊಟ್ಟಿಲನ್ನೂ ಬೇರೆ ಬೇರೆ ಇಟ್ಟವರಲ್ಲ. ಅಲ್ಲಿ ಹುಟ್ಟಿದ ಕೂಸು ನಾಲ್ಕು ವರ್ಷಕ್ಕೆ ಕತ್ತಿ ಕೇಳಿದರೆ ಆಶ್ಚರ್ಯವೇನು?

ಬರುವ ಜಾತ್ರೆಗೆ ಮಕ್ಕಳನ್ನು ಕರೆದುಕೊಂಡು ಹೋಗುವವರಲ್ಲಿ ನನ್ನದೊಂದು ವಿನಂತಿ. ಗುಂಡು ಹಾರುವುದನ್ನು ಕೊಳ್ಳಬೇಡಿ, ನಿಜದ ಪಿಸ್ತೂಲಿನಂತೆ ಕಾಣುವುದನ್ನೂ ಕೊಳ್ಳಬೇಡಿ. ಹಟ ಹಿಡಿದರೆ ರಟ್ಟು, ಅಂಟು, ಬೆಳ್ಳಿ ಕಾಗದ ತಂದುಕೊಡಿ, ಕತ್ತಿಯನ್ನು ಅವನೇ ಮಾಡಲಿ. ಮತ್ತೆ ದಿನಕ್ಕೆ ಒಂದು ತಾಸಾದರೂ ಮನೆಯಲ್ಲಿ ಯಾರಾದರೂ ಒಬ್ಬರು ಮೊಬೈಲ್ ಕೆಳಗಿಟ್ಟು ಸಾಯಲು ಬಿಡುವು ಮಾಡಿಕೊಳ್ಳಿ.